ಗುಳಿಗೆ ಬದಲಾದ ಮೇಲೆ

ವಾಡಿ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಕಾಯುವ ಹೆಂಗಸರಲ್ಲಿ, ಎಚ್‌ಐವಿ ಗುಳಿಗೆ ಕೊಡುವ ಕಲಬುರಗಿಯ ಎಆರ್‌ಟಿ ಸೆಂಟರಿಗೆ ಹೊರಟವರು ಯಾರು ಎಂಬುದು ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರು ಚೀಲವನ್ನು ಕೆಳಗಿಡುವುದಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಿರುತ್ತಾರೆ. ಪಕ್ಕದವರು “ಎಲ್ಲಿಗಿ ಹೊಂಟೀರಿ?” ಎಂದು ಕೇಳುವ ಮೊದಲೇ ಅವರ ಬಳಿ ಉತ್ತರ ತಯಾರಿರುತ್ತದೆ: ಹಲ್ಲು ತೋರಿಸಬೇಕು, ತಂಗಿಯ ಮನೆ, ಸೀರೆ ತರಬೇಕು. ಸಂಜೆ ತಿರುಗಿ ಬರುವಾಗ ಅದೇ ಚೀಲದಲ್ಲಿ ಗುಳಿಗೆಯ ಡಬ್ಬಿ ಇರುತ್ತದೆ. ಗಾಡಿ ಅಲುಗಿದಾಗೆಲ್ಲ ಅದು ಕೂಸಿನ ಗಿಲಕಿಯ ಹಾಗೆ ಸಪ್ಪಳ ಮಾಡುತ್ತದೆ. ಅದಕ್ಕೇ ಎಲ್ಲರೂ ಡಬ್ಬಿಯಲ್ಲಿ ಹತ್ತಿ ತುರುಕುತ್ತಾರೆ. ನಾನು ಹೊಲಿಗೆಯವಳು, ಬ್ಲೌಸಿನ ಚೂರು ಬಟ್ಟೆ ತುರುಕುತ್ತಿದ್ದೆ. ಹತ್ತಿರದ ತಾಲೂಕು ದವಾಖಾನೆಯಲ್ಲೇ ಗುಳಿಗೆ ಸಿಗುತ್ತದಲ್ಲ, ಇಷ್ಟು ದೂರ ಯಾಕೆ ಎಂದು ಕೇಳುವವರಿದ್ದಾರೆ. ಹತ್ತಿರದಲ್ಲಿ, ಗುರುತಿನವರ ಕಣ್ಣೆದುರು ಸಿಗುತ್ತದೆ ಎಂಬುದೇ ನಮ್ಮ ತಕರಾರು.

ಕಳೆದ ತಿಂಗಳು ಸೆಂಟರಿನ ಬೆಂಚಿನ ಮೇಲೆ ನನ್ನ ಪಕ್ಕ ಕಾಳಗಿ ಕಡೆಯ ಹೊಸ ಹುಡುಗಿಯೊಬ್ಬಳು ಕುಳಿತಿದ್ದಳು. ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿ ಹೋಗಿತ್ತು. “ಅಕ್ಕಾ, ಈ ಗುಳಿಗಿ ತಿಂದ್ರ ಏನೇನ್ ಆಗ್ತದರಿ?” ಎಂದು ಮೆಲ್ಲಗೆ ಕೇಳಿದಳು. ಗೋಡೆಯ ಮೇಲಿನ ಚಾರ್ಟು ಹೇಳುವುದನ್ನೇ ನಾನೂ ಹೇಳಿದೆ. ಸ್ವಲ್ಪ ದಿನ ತಲೆ ನೋಯಬಹುದು, ವಾಕರಿಕೆ ಬರಬಹುದು, ನಿದ್ದೆ ಏರುಪೇರಾಗಬಹುದು, ನಿನಗೆ ನೀನೇ ಗುಳಿಗೆ ಬಿಡಬೇಡ, ಡಾಕ್ಟರಿಗೆ ಹೇಳು. ಅವಳಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಆದರೆ ನನಗೆ ಆದದ್ದು ಆ ಚಾರ್ಟಿನಲ್ಲಿ ಪೂರ್ತಿ ಇಲ್ಲ. ಹೇಳೋಣವೆನ್ನುವಷ್ಟರಲ್ಲಿ ಅವಳ ಪಾಳಿ ಬಂತು, ಒಳಗೆ ಹೋದಳು. ಅವಳಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡನ ಹೆಸರು ಸಾಬಣ್ಣ. ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅವರಿದ್ದಷ್ಟು ದಿನ ನಾನು ಒಮ್ಮೆಯೂ ಹೇಳಲಿಲ್ಲ. ಏನು ಉಪಯೋಗವಾಯಿತು? ಈಗ ಧಾರಾಳವಾಗಿ ಹೇಳುತ್ತೇನೆ.

ಅವರು ಫರ್ಸಿ ಹಾಕುವವರು. ಶಹಾಬಾದಿನ ಕಲ್ಲನ್ನು ನೆಲಕ್ಕೆ ಕೂಡಿಸಿ, ಸಂದಿ ತುಂಬಿ, ಬರಿಗಾಲಲ್ಲಿ ನಡೆದರೆ ಎಲ್ಲೂ ತಡೆಯದ ಹಾಗೆ ಮಾಡುವ ಕೆಲಸ. ಮನೆತನ ಕಾಗಿಣಾ ನದಿಯ ದಂಡೆಯದು. ಮೀನು ಹಿಡಿದು ಹೊಟ್ಟೆ ತುಂಬದಾದಾಗ ನನ್ನ ಮಾವ ಕಲ್ಲಿನ ಕೆಲಸ ಹುಡುಕಿಕೊಂಡು ವಾಡಿಗೆ ಬಂದರಂತೆ. ಇವರು ಹೈದರಾಬಾದ್, ಪುಣೆ, ಸೊಲ್ಲಾಪುರ ಎಂದು ತಿಂಗಳುಗಟ್ಟಲೆ ಹೋಗಿ ಯಾರು ಯಾರದೋ ನೆಲ ಚಂದ ಮಾಡಿ ಬರುತ್ತಿದ್ದರು. ನಮ್ಮ ಮನೆಯ ಒಳಕೋಣೆ ಮಾತ್ರ ಸಗಣಿ ಸಾರಿಸುವ ಮಣ್ಣಿನ ನೆಲವಾಗಿಯೇ ಉಳಿಯಿತು. “ಮುಂದಿನ ಸಲ ಬಂದಾಗ ಹಾಕ್ತೀನಿ ತಡಿ” ಎನ್ನುತ್ತಿದ್ದರು.

ಒಂದು ಸಲ ಜ್ವರ ಹೊತ್ತು ಮನೆಗೆ ಬಂದವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಟೈಫಾಯ್ಡ್ ಎಂದರು, ಕಣ್ಣು ಹಳದಿಯಾಗುವ ಕಾಮಣಿ ಎಂದರು. ಕಾಮಣಿಗೆ ತೆಂಗಳಿಯಲ್ಲಿ ಯಾರೋ ಎಲೆಯ ಔಷಧ ಕೊಡುತ್ತಾರೆಂದು ಅಲ್ಲಿಗೂ ಒಯ್ದೆವು. ಕೊನೆಗೆ ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ರಕ್ತ ನೋಡಿದ ಮೇಲೆ ಎಚ್‌ಐವಿ ಇದೆ, ಟಿಬಿ ತಲೆಗೆ ಏರಿದೆ ಎಂದು ತಿಳಿಯಿತು. ಅದು ತಿಳಿಯುವ ಹೊತ್ತಿಗೆ ಅವರಿಗೆ ಮಾತು ನಿಂತಿತ್ತು. ಎಲ್ಲಿಂದ ತಂದಿರಿ, ನಿಮಗಾದರೂ ಗೊತ್ತಿತ್ತೇ, ಗೊತ್ತಿದ್ದರೆ ನನಗ್ಯಾಕೆ ಹೇಳಲಿಲ್ಲ, ಇವುಗಳಲ್ಲಿ ಒಂದನ್ನೂ ಕೇಳಲಾಗಲಿಲ್ಲ. ಅವರು ತೀರಿಕೊಂಡರು. ಆಮೇಲೆ ನನ್ನ ರಕ್ತ ನೋಡಿದರು. ನನಗೂ ಇತ್ತು.

ಚಿಮ್ಮನಚೋಡದಿಂದ ನನ್ನ ಅಣ್ಣ ಬಂದು ತವರಿಗೆ ಕರೆದೊಯ್ದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಅಲ್ಲಿ ಅವನ ಹೆಂಡತಿ, ನನ್ನ ವೈನಿ, ನನಗೊಂದು ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಅದಲುಬದಲಾಗಬಾರದೆಂದು ತಟ್ಟೆಯ ಅಂಚಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದಳು. ಅದನ್ನು ನೋಡಿ ಮೊದಲು ನನಗೆ ನಗು ಬಂತು, ಆಮೇಲೆ ತಟ್ಟೆ ಸರಿಸಿ ಎದ್ದೆ. ಮರುದಿನವೇ ಚಿಂಚೋಳಿ, ಸೇಡಂ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿ ವಾಡಿಗೆ ತಿರುಗಿ ಬಂದೆ.

ಅತ್ತೆ ದೇವಮ್ಮ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದರು. ಮಗ ಸತ್ತ ದಿನ ಒಂದು ಹನಿ ಕಣ್ಣೀರು ಹಾಕದೆ, “ನನ್ನ ಮಗನ್ನ ತಿಂದಿ” ಎಂದು ನನ್ನ ಮೇಲೆ ಕೂಗಿದ್ದವರು ಇವರೇ.

“ಯಾಕ ಬಂದಿ ಭಾಗಿ?” ಎಂದರು.

“ಅಲ್ಲಿ ನನ್ನ ಗಂಗಾಳ ಬ್ಯಾರೆ ಇಟ್ಟಾರ್ರಿ ಅತ್ತಿ.”

ಅವರು ಎದ್ದು ಒಳಗೆ ಹೋದರು. ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು, ಒಂದೇ ಗಂಗಾಳವನ್ನು ಇಬ್ಬರ ನಡುವೆ ಇಟ್ಟು ಕುಳಿತರು. ಒಂದೇ ತಟ್ಟೆಯಲ್ಲಿ ಉಂಡರೆ ಈ ರೋಗ ಬರುವುದಿಲ್ಲ ಎಂದು ಆ ಹೊತ್ತಿಗೆ ಅವರಿಗೆ ಯಾರೂ ಹೇಳಿರಲಿಲ್ಲ.

“ನಿಮಗ ಅಂಜಿಕಿ ಇಲ್ಲೇನ್ರಿ?” ಎಂದೆ.

“ಎದರ ಅಂಜಿಕಿ? ಸಾಯೋ ವಯಸ್ಸು ನಂದು. ಉಣ್ಣು ಸುಮ್ನ, ರೊಟ್ಟಿ ಆರಾಕತ್ತಾದ.”

ಬೈಗುಳದ ಧಾಟಿಯಲ್ಲೇ ಹೇಳಿದರು. ಅಂದಿನಿಂದ ಆ ಮನೆಯಲ್ಲಿ ನಾವಿಬ್ಬರೇ. ನನಗೆ ಮಕ್ಕಳಾಗಿರಲಿಲ್ಲ, ಅವರಿಗೆ ಇದ್ದವನು ಅವನೊಬ್ಬನೇ.

ಸೆಂಟರಿನಲ್ಲಿ ಗುಳಿಗೆ ಶುರು ಮಾಡಿದರು. ದಿನಕ್ಕೆ ಒಂದೇ, ಮಲಗುವ ಮುಂಚೆ. ಅಲ್ಲಿನ ಕೌನ್ಸೆಲರ್ ಮೇಡಂ ಸೇಡಂ ಕಡೆಯವರು, ಮಾತು ನಮ್ಮ ಮಾತೇ. “ಒಂದೇ ಗುಳಿಗಿ ಅಂತ ತಿಳೀಬ್ಯಾಡವ್ವಾ, ಇದರಾಗ ಮೂರು ಔಷಧಿ ಅವ. ಒಂದೇ ಕೊಟ್ರ ಆ ವೈರಸ್ ಹ್ಯಾಂಗರೆ ತಪ್ಪಿಸ್ಕೋತದ. ಮೂರೂ ಕೂಡಿ ಅಡ್ಡ ನಿಂತ್ರ ಅದಕ್ಕ ಹಾದಿ ಸಿಗಂಗಿಲ್ಲ. ಒಂದಿನಾನೂ ಬಿಡಬ್ಯಾಡ” ಎಂದರು. ಮೊದಮೊದಲು ಚಕ್ಕರ್ ಬರುತ್ತದೆ, ಕನಸು ಬೀಳುತ್ತವೆ, ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ ಎಂದರು. ಎಣ್ಣೆ ತುಪ್ಪದ ಊಟ ಮಾಡಿದ ಕೂಡಲೇ ಗುಳಿಗೆ ತಿನ್ನಬೇಡ ಎಂದೂ ಹೇಳಿದರು. ಕೊನೆಯ ಆ ಮಾತು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಗಂಡ ಸತ್ತು ತಿಂಗಳಾಗದವಳ ತಲೆಯಲ್ಲಿ ಎಷ್ಟು ಮಾತು ನಿಲ್ಲುತ್ತವೆ?

ಚಕ್ಕರ್ ಎಂದರೆ ಅಂಥಿಂಥ ಚಕ್ಕರ್ ಅಲ್ಲ. ಬೆಳಿಗ್ಗೆ ಎದ್ದು ನಿಂತರೆ ನೆಲ ಒಂದು ಕಡೆ ವಾಲುತ್ತಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ, ನೋಡಿದವರು ಕುಡಿದಿದ್ದಾಳೆ ಎನ್ನಬೇಕು, ಹಾಗೆ. ಸೂಜಿಗೆ ದಾರ ಪೋಣಿಸುವುದು ಮಧ್ಯಾಹ್ನದವರೆಗೆ ಆಗದ ಮಾತು. ಅದು ಬೇಸಿಗೆ ಬೇರೆ. ವಾಡಿಯ ಬಿಸಿಲಿಗೆ ಗಟ್ಟಿಮುಟ್ಟಾದವರ ತಲೆಯೂ ತಿರುಗುತ್ತದೆ. ಯಾವುದು ಗುಳಿಗೆಯದು, ಯಾವುದು ಬಿಸಿಲಿನದು, ಯಾವುದು ದುಃಖದ್ದು ಎಂದು ಬೇರೆ ಮಾಡಿ ನೋಡಲು ನನಗೆ ಬರುತ್ತಿರಲಿಲ್ಲ.

ಆಮೇಲೆ ಕನಸು ಶುರುವಾದವು.

ಮೊದಲ ಕನಸಿನಲ್ಲಿ ನನ್ನ ಗಂಡ ನಮ್ಮ ಒಳಕೋಣೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಫರ್ಸಿ ಹಾಕುತ್ತಿದ್ದರು. ರಬ್ಬರಿನ ಸುತ್ತಿಗೆಯಿಂದ ಕಲ್ಲನ್ನು ಬಡಿದು, ಕೆಳಗೆ ಟೊಳ್ಳಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಬೆರಳ ಸಂದಿಯ ಸಿಮೆಂಟು, ಬೀಡಿಯ ವಾಸನೆ, ಅಂಗಿಯ ಬೆನ್ನ ಮೇಲೆ ಒಣಗಿದ ಬೆವರಿನ ಬಿಳಿ ಗೆರೆ, ಒಂದೂ ಬಿಟ್ಟಿರಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿ, “ಮಾಲ್ದಿ ಮಾಡು, ಹಸಿವಾಗ್ಯಾದ” ಎಂದರು. ಬೇರೆ ಕನಸುಗಳು ಎದ್ದು ಮುಖ ತೊಳೆಯುವಷ್ಟರಲ್ಲಿ ಕರಗುತ್ತವೆ. ಇದು ಕರಗಲಿಲ್ಲ, ನಿನ್ನೆ ಮನೆಯಲ್ಲಿ ನಡೆದದ್ದರ ಹಾಗೆ ನೆನಪಿತ್ತು.

ಬೆಳಿಗ್ಗೆ ಚಹಾ ಕುಡಿಯುವಾಗ ಅತ್ತೆಗೆ ಹೇಳಿದೆ. ಅವರು ಬಾಯಿಗೆ ಒಯ್ಯುತ್ತಿದ್ದ ಬಸಿಯನ್ನು ಕೆಳಗಿಟ್ಟರು.

“ಏನಂದ? ಬರೋಬರ್ ಹೇಳು.”

“ಮಾಲ್ದಿ ಮಾಡು, ಹಸಿವಾಗ್ಯಾದ ಅಂದ್ರು.”

“ಮಾರಿ ಹ್ಯಾಂಗಿತ್ತು? ಸೊರಗಿತ್ತೇನ್?”

“ಇಲ್ರಿ. ಮೊದಲಿನ ಹಂಗೇ ಇದ್ರು.”

ಅತ್ತೆ ಎದ್ದು ಗೋಧಿ ಹಿಟ್ಟು ತೆಗೆದರು. ಸತ್ತ ಮನುಷ್ಯ ಕನಸಿನಲ್ಲಿ ಬಂದು ಉಣ್ಣಲು ಬೇಡಿದರೆ ಅದೇ ದಿನ ಮಾಡಿ ಎಡೆ ಇಡಬೇಕು; ಎಡೆ ಇಟ್ಟದ್ದನ್ನು ಕಾಗೆಗೆ ಹಾಕದೆ ಕನಸು ಕಂಡವರೇ ಉಣ್ಣಬೇಕು; ಅವರ ಬಾಯಿಂದಲೇ ಅದು ಸತ್ತವರಿಗೆ ಮುಟ್ಟುತ್ತದೆ. ಇದು ಅತ್ತೆಯ ಮನೆತನ ನಡೆಸಿಕೊಂಡು ಬಂದ ಪದ್ಧತಿ. ಬಿಸಿ ಚಪಾತಿಯನ್ನು ಪುಡಿ ಮಾಡಿ, ಬೆಲ್ಲ ಬೆರೆಸಿ, ತುಪ್ಪ ಸುರಿದು ಕಲಸಿದರೆ ಮಾಲ್ದಿ. ದೀಪ ಹಚ್ಚುವ ಹೊತ್ತಿಗೆ ಫೋಟೋದ ಮುಂದೆ ಎಡೆ ಇಟ್ಟರು, ಆಮೇಲೆ ಬಟ್ಟಲು ನನ್ನ ಕೈಗೆ ಕೊಟ್ಟರು. ಬಟ್ಟಲು ಖಾಲಿ ಮಾಡಿ, ಅದರ ಮೇಲೆ ಗುಳಿಗೆ ನುಂಗಿ ಮಲಗಿದೆ. ಅವರು ಮತ್ತೆ ಬಂದರು, ಮೊದಲಿಗಿಂತ ನಿಚ್ಚಳವಾಗಿ ಬಂದರು. ಈ ಸಲ ಕರಿದ ಮೀನು ಕೇಳಿದರು.

ಆ ತುಪ್ಪ, ಆ ಎಣ್ಣೆಯೇ ಗುಳಿಗೆಯ ಜೋರು ಹೆಚ್ಚಿಸುತ್ತಿದೆ ಎಂದು ನಮಗೆ ಹೇಗೆ ತಿಳಿಯಬೇಕು? ಅತ್ತೆಯ ಲೆಕ್ಕವೇ ಬೇರೆ. “ಕಾವಿನ ಗುಳಿಗಿ ಅದು, ಹೊಟ್ಟ್ಯಾಗ ತುಪ್ಪ ಇರಬೇಕು” ಎಂದು ಇನ್ನೊಂದು ಚಮಚ ಹಾಕುತ್ತಿದ್ದರು. ಗಂಡ ಕನಸಿನಲ್ಲಿ ಬರುವರು, ಬೇಡುವರು; ಅತ್ತೆ ಮಾಡುವರು; ನಾನು ಉಣ್ಣುವೆ; ಅವರು ಮತ್ತೆ ಬರುವರು. ಬೇರೆಯವರಿಗೆ ಕೆಲವೇ ವಾರಗಳಲ್ಲಿ ನಿಂತು ಹೋಗುವ ಕನಸು ನನಗೆ ವರ್ಷ ಕಳೆದರೂ ನಿಲ್ಲಲಿಲ್ಲ.

ಖರೆ ಹೇಳಬೇಕೆಂದರೆ, ನಿಲ್ಲಲಿ ಎಂದು ನನಗೆ ಅನಿಸಲೂ ಇಲ್ಲ. ದಿನಾ ಬೆಳಿಗ್ಗೆ ಅತ್ತೆ ನನಗಿಂತ ಮೊದಲು ಎದ್ದು ಚಹಾ ಇಟ್ಟು ಕಾಯುತ್ತಿದ್ದರು. ನಾನು ಗೋಡೆ ಹಿಡಿದು ಬಂದು ಕುಳಿತ ಕೂಡಲೇ “ಬಂದಿದ್ನಾ?” ಎನ್ನುವರು. ಬಂದಿದ್ದರು ಎಂದರೆ ಮುಖ ಅರಳುತ್ತಿತ್ತು. ಎಲ್ಲಿ ಕುಳಿತಿದ್ದ, ಯಾವ ಅಂಗಿ ಹಾಕಿದ್ದ, ನನ್ನ ಕೇಳಿದನೇನು? “ಇನ್ನಾ ಬೀಡಿ ಸೇದಾಕತ್ತಾನೇನ್? ಸತ್ತರೂ ಚಟ ಬಿಡಲಿಲ್ಲ ನೋಡು” ಎಂದು ಬೈಯುವರು. ಇಬ್ಬರೂ ನಗುತ್ತಿದ್ದೆವು. ನಮ್ಮ ಮನೆಯಲ್ಲಿ ಯಾರೂ ಸತ್ತೇ ಇರಲಿಲ್ಲ. ಒಬ್ಬರು ಹಗಲು ಹೊತ್ತು ಕೆಲಸಕ್ಕೆ ಹೋಗಿರುತ್ತಿದ್ದರು, ಅಷ್ಟೆ.

ಒಂದೊಂದು ದಿನ ಮಾತ್ರ ಅತ್ತೆ, “ನನ್ನ ಕನಸಿನ್ಯಾಗ ಯಾಕ ಬರವಲ್ಲ ಅವ? ಹೆತ್ತಾಕಿ ನಾನು” ಎನ್ನುತ್ತಿದ್ದರು.

ಒಮ್ಮೆ ಕನಸಿನಲ್ಲೇ ಧೈರ್ಯ ಮಾಡಿ ಕೇಳಿಬಿಟ್ಟೆ, ಈ ರೋಗ ಎಲ್ಲಿಂದ ತಂದಿರಿ ಎಂದು. ಅವರು ಕಲ್ಲಿಗೆ ಸುತ್ತಿಗೆ ಬಡಿದು, “ಇಲ್ಲಿ ಟೊಳ್ಳದ ನೋಡು, ಮತ್ತ ಎತ್ತಬೇಕು” ಎಂದು ಕೆಲಸ ಮುಂದುವರಿಸಿದರು. ಬೆಳಿಗ್ಗೆ ನನಗೆ ಸಿಟ್ಟು ಬಂದಿತ್ತು. ಸತ್ತವನ ಮೇಲೆ ಸಿಟ್ಟಾಗಿ ಏನು ಮಾಡುವುದು? ಅತ್ತೆಗೆ ಆ ಮಾತು ಹೇಳಲಿಲ್ಲ, ಹೋಳಿಗೆ ಕೇಳಿದರು ಎಂಬುದಷ್ಟನ್ನೇ ಹೇಳಿದೆ.

ಪ್ರತಿ ಸಲ ಸೆಂಟರಿನಲ್ಲಿ “ಏನರೆ ತ್ರಾಸ ಅದ ಏನವ್ವಾ?” ಎಂದು ಕೇಳಿದಾಗಲೂ ನಾನು ಏನೂ ಇಲ್ಲ ಎನ್ನುತ್ತಿದ್ದೆ. ಆದರೆ ಮೈ ಎಷ್ಟು ದಿನ ತಡೆದೀತು? ಒಂದು ಮುಂಜಾನೆ, ಮದುವೆಯ ಬ್ಲೌಸ್ ಅರ್ಜೆಂಟ್ ಇದೆ ಎಂದು ಚಕ್ಕರ್ ಇಳಿಯುವ ಮೊದಲೇ ಮಷೀನಿಗೆ ಕುಳಿತೆ. ಸೂಜಿ ತೋರುಬೆರಳಿನ ಉಗುರಿನ ಮೂಲಕ ಇಳಿದು ಆ ಕಡೆ ಹೊರಬಂತು. ಮುಂದಿನ ಸಲ ಆ ಬೆರಳಿನ ಪಟ್ಟಿ ನೋಡಿ ಕೌನ್ಸೆಲರ್ ಮೇಡಂ ಬಿಡಲಿಲ್ಲ. ಕೆದಕಿ ಕೆದಕಿ ಕೇಳಿದರು, ರಾತ್ರಿ ಏನು ಉಣ್ಣುತ್ತಿ ಎಂದೂ ಕೇಳಿದರು. ಹೇಳಿದೆ.

“ಅಯ್ಯ ಯವ್ವಾ, ತುಪ್ಪದ್ದು ಉಂಡು ಈ ಗುಳಿಗಿ ತಿನಬ್ಯಾಡ ಅಂತ ಮೊದಲನೇ ದಿನಾನೇ ಹೇಳಿದ್ದೆಲ್ಲ!” ಎಂದು ಹಣೆ ಹಿಡಿದುಕೊಂಡರು. ಆಮೇಲೆ ಸಮಾಧಾನವಾಗಿ ಹೇಳಿದರು. ಹೇಗೂ ಈಗ ಎಲ್ಲರಿಗೂ ಗುಳಿಗೆ ಬದಲಿಸುತ್ತಿದ್ದೇವೆ. ಮೂರರಲ್ಲಿ ಎರಡು ಔಷಧ ಇವೇ ಇರುತ್ತವೆ, ಮೂರನೆಯದು ಮಾತ್ರ ಬೇರೆ. “ನಿನ್ನ ಚಕ್ಕರ್, ಕನಸು, ಎಲ್ಲಾ ಆ ಮೂರನೇದ್ದರದ್ದು. ಅದನ್ನ ತೆಗೆದ್ರ ಆರಾಮ್ ಆಗ್ತಿ.”

ಆ ಮೂರನೆಯದರಲ್ಲೇ ನನ್ನ ಗಂಡ ಇದ್ದರು.

“ನನಗ ಹಳೀದೇ ಕೊಡ್ರಿ ಮೇಡಂ. ನಾ ತುಪ್ಪ ಬಿಡ್ತೀನಿ. ನನಗೇನೂ ತ್ರಾಸ ಇಲ್ರಿ” ಎಂದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. “ಕನಸಿನ್ಯಾಗ ಯಾರು ಬರ್ತಾರ?” ಎಂದು ಕೇಳಿದರು. ಅಷ್ಟು ದಿನ ಅಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಹೇಳಲು ಹೋಗಿ ಅಳು ಬಂತು. ಹೊರಗೆ ಪಾಳಿ ಉದ್ದ ಇತ್ತು, ಯಾರೋ ಬಾಗಿಲು ತಳ್ಳಿ ಇಣುಕಿದರು. ಮೇಡಂ ಅವರಿಗೆ ಕೈ ಸನ್ನೆ ಮಾಡಿ ನಿಲ್ಲಿಸಿ, ನಾನು ಅಳುವುದು ಮುಗಿಯುವವರೆಗೂ ಪೆನ್ನು ಮುಟ್ಟದೆ ಕುಳಿತಿದ್ದರು. ಆ ಹೆಂಗಸಿನ ಉಪಕಾರ ಮರೆಯಲಾರೆ. ಆದರೆ ಗುಳಿಗೆ ಬದಲಿಸಿಯೇ ಕಳಿಸಿದರು. ಮನೆಯಲ್ಲಿ ಉಳಿದ ಹಳೆಯದನ್ನು ಮುಂದಿನ ಸಲ ತಂದು ವಾಪಸ್ ಕೊಡು ಎಂದರು.

ಅತ್ತೆಗೆ ಹೇಗೆ ಹೇಳಲಿ ಎಂದು ಗಾಡಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಹೇಳಿದಾಗ ಅವರು ಗಾಬರಿಯಾಗಲಿಲ್ಲ.

“ತಿನ್ನು, ಡಾಕ್ಟರ್ ಹೇಳಿದ್ದ ತಿನ್ನು. ನಿನ್ನ ಕೈ ನೋಡಾಕ ಆಗವಲ್ದು ನನಗ” ಎಂದರು. ನನ್ನ ಬೆರಳಿನ ಪಟ್ಟಿ ಸರಿ ಮಾಡುತ್ತಾ, “ಗುಳಿಗಿ ಬಾಗಿಲಾ ತೆರೀತದ ಅಷ್ಟ. ಬರಾಂವ ಅವನೇ. ಈಗ ಹಾದಿ ಗೊತ್ತಾಗ್ಯಾದ, ಬರ್ತಾನ” ಎಂದರು.

ಹೊಸ ಗುಳಿಗೆ ಒಳ್ಳೆಯದೇ. ಮೊದಲ ಕೆಲವು ದಿನ ತಲೆ ನೋಯಿತು, ನಿದ್ದೆ ಸರಿಯಾಗಿ ಬರಲಿಲ್ಲ, ಆಮೇಲೆ ಮೈ ತುಂಬಿಕೊಂಡು ನನ್ನ ಬ್ಲೌಸುಗಳನ್ನೇ ಬಿಚ್ಚಿ ಅಗಲ ಮಾಡಬೇಕಾಯಿತು. ಚಕ್ಕರ್ ಹೋಯಿತು. ನೆಲ ನೆಲದ ಹಾಗೆ ನಿಂತಿತು. ಬೆಳಿಗ್ಗೆ ಎದ್ದು ಯಾವ ಗೋಡೆಯನ್ನೂ ಹಿಡಿಯದೆ ನಡೆದು ಬಂದು ಚಹಾಕ್ಕೆ ಕುಳಿತ ದಿನ ಅತ್ತೆ ನನ್ನ ಕಾಲುಗಳನ್ನು ನೋಡಿದರು, ಆಮೇಲೆ ಮುಖ ನೋಡಿದರು.

“ಬಂದಿದ್ನಾ?”

“ಇಲ್ರಿ.”

ಮರುದಿನವೂ ಇಲ್ಲ, ಆ ಮರುದಿನವೂ ಇಲ್ಲ. ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೆ ಬಂದದ್ದೂ ಇದೆ. ಆದರೆ ಅವರು ಮಗನ ಒಂದೊಂದು ಮಾತನ್ನೂ ಬರೋಬರ್ ಕೇಳಿಸಿಕೊಂಡವರು. ಅವರ ಮಗನ ಬಾಯಲ್ಲಿ ನನ್ನ ಮಾತು ಇಡಲು ನನಗೆ ಮನಸ್ಸಾಗಲಿಲ್ಲ. ಅತ್ತೆ ತಾವಾಗಿಯೇ ಅವನಿಗೆ ಇಷ್ಟವಾದದ್ದೆಲ್ಲ ಮಾಡಿ ಎಡೆ ಇಟ್ಟರು. ಸಿಟ್ಟಾಗಿದ್ದಾನೆ ಎಂದರು, ದೂರದ ಕೆಲಸ ಸಿಕ್ಕಿರಬೇಕು ಎಂದರು. ನಾನೂ ಕಾದೆ. ಹಿಂದೆ ಗಂಡನ ಹೆಣ ಮನೆಗೆ ಬಂದಾಗ ಬಂದ ದುಃಖ ಒಂದು ಥರ. ಇದು ಬೇರೆ. ದಿನಾ ಮುಂಜಾನೆ ಸ್ವಲ್ಪ ಸ್ವಲ್ಪವಾಗಿ ಅವರು ಸಾಯುತ್ತಿದ್ದರು, ನಾವಿಬ್ಬರೂ ಚಹಾ ಕುಡಿಯುತ್ತಾ ನೋಡುತ್ತಿದ್ದೆವು.

ರಕ್ತದಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿದೆ ಎಂದು ಸೆಂಟರಿನಿಂದ ಫೋನ್ ಬಂದದ್ದು ಅದೇ ದಿನಗಳಲ್ಲಿ. ಸ್ಟೇಷನ್ನಿನ ಹತ್ತಿರ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, “ಛಲೋ ಆಯ್ತು ನೋಡು, ನೀ ಉಳಿದಿ” ಎಂದು ನನ್ನ ತಲೆ ಸವರಿದರು. ಆಮೇಲೆ ಕೇಳಿದರು, “ಆ ಹಳಿ ಗುಳಿಗಿ ನಾ ತಿಂದ್ರ ಏನಾಗ್ತದ?”

“ಹುಚ್ಚ ಹಿಡಿದದೇನ್ರಿ ಅತ್ತಿ? ಜಡ್ಡ ಇದ್ದವರ ಗುಳಿಗಿ ಅದು” ಎಂದು ಗದರಿಸಿ, ಇನ್ನೂ ವಾಪಸ್ ಕೊಡದಿದ್ದ ಆ ಡಬ್ಬಿಯನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅಮಾವಾಸ್ಯೆ ಬಂತು. ಅತ್ತೆ ಮಾಲ್ದಿ ಮಾಡಿ ಎಡೆ ಇಟ್ಟರು. ಆದರೆ ಬಟ್ಟಲು ನನ್ನ ಕೈಗೆ ಕೊಡಲಿಲ್ಲ. “ಇವತ್ತ ನಾ ಉಣ್ತೀನಿ” ಎಂದರು. ಉಣ್ಣಲಿ ಬಿಡು, ಮಗನ ಎಡೆ ತಾಯಿ ಉಂಡರೆ ತಪ್ಪೇನು ಎಂದುಕೊಂಡೆ.

ಬೆಳಿಗ್ಗೆ ಎದ್ದಾಗ ಚಹಾದ ವಾಸನೆ ಇರಲಿಲ್ಲ. ಒಳಕೋಣೆಗೆ ಹೋಗಿ ನೋಡಿದರೆ ಅತ್ತೆ ಚಾಪೆಯ ಮೇಲೆ ಅಡ್ಡ ಬಿದ್ದಿದ್ದರು. ಹಬ್ಬಕ್ಕೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟಿದ್ದರು, ತಲೆ ಬಾಚಿ ತುರುಬು ಹಾಕಿಕೊಂಡಿದ್ದರು. ಸೀರೆಯ ಮೇಲೆಲ್ಲ ವಾಂತಿ. ಕಣ್ಣು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ, ಗೋಡೆಯ ಕಡೆ ಕೈ ಚಾಚಿ ಏನೋ ಗೊಣಗುತ್ತಿದ್ದರು. ಎಬ್ಬಿಸಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಟ್ರಂಕು ತೆರೆದಿತ್ತು, ಗುಳಿಗೆಯ ಡಬ್ಬಿ ತಲೆದಿಂಬಿನ ಪಕ್ಕದಲ್ಲಿತ್ತು. ಒಂದಕ್ಕೆ ಬರಲಿಕ್ಕಿಲ್ಲ ಎಂದು ಎರಡು ನುಂಗಿದ್ದರು, ಅದು ಆಮೇಲೆ ಗೊತ್ತಾದದ್ದು. ಮಗನಿಗೆ ಬಾಗಿಲು ತೆರೆಯಲು, ಸೀರೆ ಉಟ್ಟು ಮಲಗಿದ್ದರು.

ಕಲಬುರಗಿಗೆ ಒಯ್ಯುವಷ್ಟು ಹೊತ್ತು ಇರಲಿಲ್ಲ. ನಮ್ಮ ಓಣಿಯ ಮಹಬೂಬನ ಆಟೋದಲ್ಲಿ ಹಾಕಿಕೊಂಡು ಚಿತ್ತಾಪುರದ ತಾಲೂಕು ದವಾಖಾನೆಗೆ ಹೋದೆವು, ನಾನು ಇಷ್ಟು ವರ್ಷ ಯಾವುದಕ್ಕೆ ಹೋಗದೆ ತಪ್ಪಿಸಿಕೊಂಡಿದ್ದೆನೋ ಅದೇ ದವಾಖಾನೆಗೆ. ಮಹಬೂಬನ ಹೆಂಡತಿ ನನ್ನ ಕಡೆಯೇ ಬ್ಲೌಸ್ ಹೊಲಿಸುವವಳು. ಅವನೇ ಅತ್ತೆಯನ್ನು ಎತ್ತಿಕೊಂಡು ಒಳಗೆ ತಂದ. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಏನ್ ತಿಂದಾರ? ಲಗೂನ ಹೇಳ್ರಿ” ಎಂದರು. ಸಿಸ್ಟರ್ ಇದ್ದರು, ಮಹಬೂಬ್ ಇದ್ದ, ಸುತ್ತ ನಮ್ಮ ಕಡೆಯ ಮುಖಗಳೇ ಇದ್ದವು. ಏನೋ ಒಂದು ನಿದ್ದೆ ಗುಳಿಗೆ ಎನ್ನಬಹುದಿತ್ತು. ಸೆರಗಿನೊಳಗಿಂದ ಡಬ್ಬಿ ತೆಗೆದು ಟೇಬಲ್ಲಿನ ಮೇಲೆ ಇಟ್ಟೆ.

“ಇದು ನನ್ನ ಗುಳಿಗಿರಿ. ಎಚ್‌ಐವಿದು. ನನ್ನ ಮನ್ಯಾನವರು ಕನಸಿನ್ಯಾಗ ಬರ್ಲಿ ಅಂತ ಇವರು ತಿಂದಾರ.”

ಡಾಕ್ಟರು ನನ್ನ ಮುಖ ನೋಡಿದರು. ಮತ್ತೊಮ್ಮೆ ಹೇಳಿಸಲಿಲ್ಲ, ಅಷ್ಟು ಸಾಕು ಎಂಬಂತೆ ಕೆಲಸ ಶುರು ಮಾಡಿದರು. ಮಹಬೂಬ್ ನೆಲ ನೋಡುತ್ತಾ ನಿಂತಿದ್ದ. ಇನ್ನು ಇವನೂ ಹೋದ, ಇವನ ಜೊತೆ ಓಣಿಯೂ ಹೋಯಿತು ಎಂದುಕೊಂಡೆ. ಅವನು, “ನಾ ಹೊರಗ ಆಟೋದಾಗ ಇರ್ತೀನಿ ಅಕ್ಕಾ. ಹೋಗಂಗಿಲ್ಲ, ಏನರೆ ಬೇಕಾದ್ರ ಕರೀರಿ” ಎಂದು ಹೊರಗೆ ಹೋದ. ಮುಂದೆ ಕೆಲವರು ನನ್ನ ಕಡೆ ಬಟ್ಟೆ ಕೊಡುವುದು ಬಿಟ್ಟರು, ಕೆಲವರು ಬಿಡಲಿಲ್ಲ. ಅವನ ಹೆಂಡತಿ ಬಿಡಲಿಲ್ಲ. ಈಗ ಗುಳಿಗೆಯ ಡಬ್ಬಿಗೆ ನಾನು ಬಟ್ಟೆ ತುರುಕುವುದಿಲ್ಲ. ಕಲಬುರಗಿಗೆ ಹೋಗುವುದು ಬರೀ ರೂಢಿಗೆ, ಆ ಮೇಡಂ ಅಲ್ಲಿದ್ದಾರೆ ಎಂಬುದಕ್ಕೆ.

ಎರಡೇ ಗುಳಿಗೆ, ಜೀವಕ್ಕೆ ಅಪಾಯವಿಲ್ಲ, ಆದರೆ ವಯಸ್ಸಾದ ಜೀವ, ಸಲಾಯಿನ್ ಹಾಕಿ ನೋಡೋಣ ಎಂದರು ಡಾಕ್ಟರು. ನಾನು ಕಾಟಿನ ಪಕ್ಕ ಸ್ಟೂಲಿನ ಮೇಲೆ ಕುಳಿತೆ. ಅವರ ತುರುಬು ಬಿಚ್ಚಿ, ಸೀರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮಧ್ಯಾಹ್ನ ಕಳೆದ ಮೇಲೆ ಅವರ ಕಣ್ಣು ನನ್ನ ಮೇಲೆ ನಿಂತವು. ಬೈಯಬೇಕೆಂದು ನಾನು ಎಷ್ಟೋ ಮಾತು ಕೂಡಿಹಾಕಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆಯೇ.

“ಬಂದಿದ್ರೇನ್ರಿ?”

ಅವರು ತಲೆಯನ್ನು ನನ್ನ ಕಡೆ ಹೊರಳಿಸಿದರು.

“ಎಲ್ಲಾರೂ ಬಂದ್ರು. ನಮ್ಮವ್ವ ಬಂದಳು. ನಿಮ್ಮ ಮಾವ ಬಂದ. ಕಾಗಿಣಾ ತುಂಬಿ ಮನಿಯಾಗ ನೀರು ಬಂದಿತ್ತು. ನಮ್ಮ ಸತ್ತ ಎಮ್ಮಿ ಸೈತ ಬಂತು. ಎಲ್ಲಾರ ಮಾರೀನೂ ಹಿಡಿದು ಹಿಡಿದು ನೋಡ್ದೆ. ಅವನೊಬ್ಬ ಬರಲಿಲ್ಲ.”

ನಾನು ಅವರ ಕೈ ಹಿಡಿದುಕೊಂಡೆ.

“ಕರೆದೆ, ಭಾಗಿ. ಹೆಸರು ಹಿಡಿದು ಕರೆದೆ. ಹೆತ್ತಾಕಿ ಕರೆದ್ರ ಎಲ್ಲಿದ್ರೂ ಬರ್ತಿದ್ದ ಅವ.” ನನ್ನ ಕೈ ಜಗ್ಗಿದರು. “ಅವ ಸತ್ತಾನಲ್ಲ?”

ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು. ಉತ್ತರ ಕೊಡಲು ನಾನೊಬ್ಬಳೇ ಇದ್ದೆ.

“ಹೌದ್ರಿ ಅತ್ತಿ. ಸತ್ತಾರ” ಎಂದೆ.

ಆಗ ಅತ್ತೆ ಅತ್ತರು. ಮಗನ ಹೆಣದ ಮುಂದೆ ಅಳದಿದ್ದವರು ನನ್ನ ಕುತ್ತಿಗೆಗೆ ಜೋತುಬಿದ್ದು, ನಮ್ಮ ಕಡೆಯ ಹೆಂಗಸರು ಸತ್ತವರ ಮುಂದೆ ಮಾತಾಡಿಸುತ್ತಾ ಅಳುವ ಹಾಗೆ ಅತ್ತರು. ನೀ ಕೂಸಿದ್ದಾಗ ನಿನ್ನ ನದಿಗೆ ಒಯ್ದಿದ್ದೆನಪ್ಪಾ, ನಿನ್ನ ಕಾಲಿಗೆ ಕಲ್ಲು ಬಿದ್ದಾಗ ನಾ ಹೊತ್ತು ತಂದಿದ್ದೆನಪ್ಪಾ ಎಂದು ಹುಟ್ಟಿದಂದಿನಿಂದ ಎತ್ತಿ ಅತ್ತರು. ನನಗೂ ತಡೆಯಲಾಗಲಿಲ್ಲ. ಅವರಿದ್ದಾರೆ, ಬರುತ್ತಾರೆ ಎಂದುಕೊಂಡು ನಾನು ಅಳದೆ ಉಳಿಸಿಕೊಂಡದ್ದೆಲ್ಲ ಅಲ್ಲೇ ಒಡೆಯಿತು. ಸಿಸ್ಟರ್ ಓಡಿ ಬಂದರು, ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು.

ಪಕ್ಕದ ಕಾಟಿನ ರೋಗಿಯ ಜೊತೆ ಬಂದಿದ್ದ ಹೆಂಗಸೊಬ್ಬಳು ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಎದ್ದು ಬಂದಳು. ಮೊದಲು ಅತ್ತೆಗೆ ಕುಡಿಸಿದಳು, ಆಮೇಲೆ ನನ್ನ ಬೆನ್ನ ಮೇಲೆ ಕೈ ಇಟ್ಟಳು.

“ಯಾವಾಗ ತೀರ್ಕೊಂಡ್ರವ್ವಾ?” ಎಂದು ಕೇಳಿದಳು.

ಮೂರು ವರ್ಷದ ಮಾತು ಎಂದು ಹೇಳಲು ನನ್ನಿಂದ ಆಗಲಿಲ್ಲ.

“ನಿನ್ನಿ” ಎಂದೆ.